ಹೊಗೆ ಭಟ್ಕಳದ್ದು, ಸದ್ದು ಕುಮಟೆಯದ್ದು

ಕೆಲವರನ್ನು ಶನಿ ಕಾಡುತ್ತಾನೆ, ಕೆಲವರನ್ನು ನೆಂಟರು ಕಾಡುತ್ತಾರೆ. ನನ್ನನ್ನು ಕಾಡುವುದು ರಿವಾಲ್ವರು. ಇಂಥದ್ದೆಲ್ಲ ನನಗೇ ಯಾಕೆ ಆಗುತ್ತದೋ ಗೊತ್ತಿಲ್ಲ ಮಾರಾಯ್ರೆ, ಆದರೆ ಆಗುತ್ತಲೇ ಇರುತ್ತದೆ.

ನಾನೇನು ಪೊಲೀಸಲ್ಲ, ಬೇಟೆಗಾರನೂ ಅಲ್ಲ. ಹೊನ್ನಾವರ ಪೇಟೆಯಲ್ಲಿ ನನ್ನದೊಂದು ವಾಚ್ ರಿಪೇರಿ ಅಂಗಡಿ. ಈಗ ಜನ ಗಂಟೆ ನೋಡುವುದೂ ಮೊಬೈಲಿನಲ್ಲೇ ಆದ್ದರಿಂದ ನನಗೆ ಪುರಸೊತ್ತೋ ಪುರಸೊತ್ತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತೆನೆಂದರೆ ದಾರಿಯಲ್ಲಿ ಹೋಗುವವರು ಪಾಪ, ಏನೋ ಸೂಕ್ಷ್ಮದ ಕೆಲಸ ನಡೆದಿದೆ ಎಂದುಕೊಳ್ಳುತ್ತಾರೆ. ನಡೆದಿರುವುದು ಕನಸು. ನನ್ನ ಹೆಂಡತಿ ಒಂದು ದಿನ ಊಟದ ಡಬ್ಬಿ ತಂದವಳು ಬಾಗಿಲಲ್ಲೇ ನಿಂತು, "ನಿಮ್ಮ ಅಂಗಡೀಲಿ ನಿಂತ ಗಡಿಯಾರ ಎಷ್ಟೋ ಇದ್ದಾವೆ, ಅದರ ನಡುಮಧ್ಯ ಕೂತಿರೂದೂ ಒಂದು ನಿಂತದ್ದೇ" ಎಂದು ಡಬ್ಬಿ ಇಟ್ಟು ಹೋದಳು. ನಾನು ಆಗ ಕನಸಿನಲ್ಲಿದ್ದೆ, ಸಂಜೆ ಅರ್ಥವಾಯಿತು.

ನನ್ನ ಕನಸು ಯಾವುದು ಅಂದರೆ, ನಮ್ಮ ಊರಿನ ನಾಟಕ ಮಂಡಳಿಯದು. ಮಂಡಳಿಗೆ ಇರುವುದು ಒಂದೇ ನಾಟಕ. ಕಂಪನಿ ಸರ್ಕಾರ ಹೋಗಿ ರಾಣಿ ಸರ್ಕಾರ ಬಂದ ಕಾಲದ ಕಥೆ. ಕಾಳುಮೆಣಸು ಕೊಡುವುದಿಲ್ಲ ಎಂದು ಎದುರು ನಿಂತ ವೀರನನ್ನು ಇಂಗ್ಲಿಷ್ ದೊರೆ ಗುಂಡಿಕ್ಕಿ ಕೊಲ್ಲುತ್ತಾನೆ. ದೀಪಾವಳಿ ಮುಗಿದ ಮೇಲಿನ ಭಾನುವಾರ ಸಂಜೆ, ಶಾಲೆ ಅಂಗಳದಲ್ಲಿ, ಪ್ರತಿವರ್ಷ ಅದೇ ವೀರ, ಅದೇ ದೊರೆ, ಅದೇ ಸಾವು. ಕತ್ತಿ, ಕಂದೀಲು, ದೊರೆಯ ಟೋಪಿ, ಎಲ್ಲದರ ಉಸ್ತುವಾರಿ ನನ್ನದು. ರಿವಾಲ್ವರಿನದೂ.

ನಾಟಕಕ್ಕೆ ಬೇಕಾದ್ದು ಅಂತಿಂಥ ರಿವಾಲ್ವರಲ್ಲ. ಗುಂಡು, ಮದ್ದು ಒಟ್ಟಿಗೇ ಇರುವ ತೋಟೆ ಬರುವುದಕ್ಕೂ ಮೊದಲಿನ ಕಾಲದ್ದು, ಕರಿ ಮದ್ದು ತುಂಬಿ ಹೊಡೆಯುವಂಥದ್ದು. ಉದ್ದನೆಯ ನಳಿಗೆ, ನಡುವೆ ತಿರುಗುವ ದಪ್ಪ ಉರುಳೆ, ಹಿಂದೆ ಹೆಬ್ಬೆರಳಿನಿಂದ ಎಳೆಯುವ ಕೊಕ್ಕೆ. ಅಸಲಿಯಾದರೆ ಲೈಸೆನ್ಸು, ಠಾಣೆ, ತಲೆನೋವು. ನಮಗೆ ಬೇಕಾದ್ದು ಗುಂಡು ಹಾರದ ನಕಲು. ಆ ಕಾಲದ ಮದ್ದಿಗೆ ಹೊಗೆ ಬಹಳವಂತೆ. ಢಂ ಅಂದಮೇಲೆ ಸತ್ತವರು ಯಾರು, ಉಳಿದವರು ಯಾರು ಎಂದು ಸ್ವಲ್ಪ ಹೊತ್ತು ಯಾರಿಗೂ ಕಾಣದಷ್ಟು ಹೊಗೆ. ಚಳಿಗಾಲದ ಬೆಳಿಗ್ಗೆ ಶರಾವತಿಯ ಸೇತುವೆ ಹತ್ತಿರ ನಿಂತು, ಹೊಳೆಯ ಮೇಲಿನ ಮಂಜು ಏಳುವುದನ್ನು ನೋಡುತ್ತ ನಾನು ಎಷ್ಟೋ ಸಲ ಅದನ್ನೇ ಕಂಡಿದ್ದೇನೆ. ಮೊದಲು ಒಂದು ಸದ್ದು, ಆಮೇಲೆ ಬಿಳಿ ಹೊಗೆ, ಆಮೇಲೆ ಹೊಗೆ ತೆಳುವಾಗುತ್ತ ಹೋಗಿ ನಡುವೆ ಬಿದ್ದಿರುವ ನಮ್ಮ ವೀರ. ಸಾಯುವುದರೊಳಗೆ ಒಂದೇ ಒಂದು ಸಲ ನಮ್ಮ ರಂಗದ ಮೇಲೆ ಹಾಗೆ ಆಗಬೇಕು ಎಂಬುದು ನನ್ನ ಆಸೆ. ಹೀಗೆ ಹೊಳೆ ನೋಡುತ್ತ ನಿಂತವನನ್ನು ಕಂಡು ಒಬ್ಬ ಪುಣ್ಯಾತ್ಮ ಸ್ಕೂಟರ್ ನಿಲ್ಲಿಸಿ, "ಅಣ್ಣಾ, ಎಂತ ಕಷ್ಟ ಇದ್ರೂ ಮಾತಾಡುವ, ಹಾರೂದು ಮಾತ್ರ ಬೇಡ" ಎಂದು ಕೈ ಹಿಡಿದದ್ದೂ ಉಂಟು.

ಸದ್ದಿಲ್ಲದೆ ಸತ್ತವನು

ಹೋದ ವರ್ಷದ ಕಥೆ. ಆಟಿಕೆ ಅಂಗಡಿಯ ತಗಡಿನ ರಿವಾಲ್ವರು, ಅದಕ್ಕೆ ಮಕ್ಕಳು ದೀಪಾವಳಿಗೆ ಹೊಡೆಯುವ ಕೇಪು. ನಮ್ಮ ಕಡಲ ಗಾಳಿಗೆ ಹಪ್ಪಳವೇ ಮೆತ್ತಗಾಗುತ್ತದೆ, ಕೇಪು ಏನು ಮಹಾ!

ದೊರೆಯ ಪಾತ್ರ ನಮ್ಮ ಪೇಟೆಯ ಮೆಡಿಕಲ್ ಶಾಪಿನವರದು. ಒಳ್ಳೆ ಆಳು, ಒಳ್ಳೆ ದನಿ. ವೀರನ ಪಾತ್ರ ಮೀನುಗಾರರ ಸೊಸೈಟಿಯಲ್ಲಿ ಕ್ಲಾರ್ಕ್ ಆಗಿರುವ ಒಬ್ಬನದು. ವೀರ ಅಂಗಿ ಸರಿಸಿ, "ಹೊಡಿ ದೊರೆ, ಈ ಎದೆಗೆ ಹೊಡಿ!" ಎಂದು ಗುಡುಗಿದ. ದೊರೆ ಎಳೆದರು. ಟಿಕ್. ಮತ್ತೆ ಎಳೆದರು. ಟಿಕ್. ವೀರ ಎದೆ ಕೊಟ್ಟುಕೊಂಡು ನಿಂತೇ ಇದ್ದ. ಹಿಂದಿನ ಸಾಲಿನಿಂದ ಯಾರೋ, "ದೊರೇ, ಚಾರ್ಜ್ ಮುಗೀತನಾ?" ಎಂದು ಕೂಗಿದರು. ಕೊನೆಗೆ ವೀರನಿಗೇ ನಾಚಿಕೆಯಾಗಿ, ಎದೆ ಹಿಡಿದುಕೊಂಡು ಸುಮ್ಮನೆ ಬಿದ್ದುಬಿಟ್ಟ.

ಪರದೆ ಬಿದ್ದ ಕೂಡಲೇ ಮಾಸ್ತರ್ರು ನನ್ನ ಹತ್ತಿರ ಬಂದರು. ಮಾಸ್ತರ್ರು ಅಂದರೆ ನಮ್ಮ ನಿರ್ದೇಶಕರು, ನಿವೃತ್ತರಾದರೂ ಬೆತ್ತ ಮಾತ್ರ ನಿವೃತ್ತವಾಗಿಲ್ಲ. "ತಮಾ, ಬಪ್ಪ ವರ್ಷ ನನ್ನ ಅಳಿಯ ಲ್ಯಾಪ್‌ಟಾಪಿನಲ್ಲಿ ಗುಂಡಿನ ಸದ್ದು ಹಾಕ್ತ. ನೀನು ಎದುರಿಗೆ ಕೂತ್ಕಂಡು ಆರಾಮಾಗಿ ನಾಟಕ ನೋಡು" ಎಂದರು.

ಎದುರಿಗೆ ಕೂರುವುದು! ಬುದ್ಧಿ ಬಂದಾಗಿನಿಂದ ರಂಗದ ಪಕ್ಕದ ಪರದೆ ಸಂದಿಯಲ್ಲಿ ನಿಂತು ನಾಟಕ ನೋಡಿದವನು ನಾನು. ನನಗೆ ಅಳುವೇ ಬಂತು. ಕೈ ಮುಗಿದೆ, "ಇನ್ನೊಂದು ವರ್ಷ ಕೊಡಿ ಮಾಸ್ತರ್ರೆ, ಚೊಲೋ ಕೋವಿ ಹುಡುಕ್ತೆ" ಎಂದೆ. ಅವರು ಬೆತ್ತ ಎತ್ತಿ, "ಆತು. ಒಂದೇ ವರ್ಷ. ಸದ್ದು ಬರ್ಲಿಲ್ಲ ಅಂದ್ರೆ ನಿನ್ನ ಜಾಗಕ್ಕೆ ಲ್ಯಾಪ್‌ಟಾಪು" ಎಂದರು.

ಅಂದು ಊರಿಗೆ ಊರೇ ನಗುತ್ತಿದ್ದಾಗ ಖುಷಿಪಟ್ಟವಳು ಒಬ್ಬಳೇ, ವೀರನ ತಾಯಿ. ಪೇಟೆಯಲ್ಲಿ ಮೀನು ಮಾರುವವಳು. ಅವಳ ಗಂಡ ಮೀನಿಗೆ ಹೋದವನು ತಿರುಗಿ ಬರಲಿಲ್ಲ. ಇರುವ ಒಬ್ಬ ಮಗ ವರ್ಷಕ್ಕೊಮ್ಮೆ ಊರೆದುರು ಸಾಯುವುದನ್ನು ಅವಳ ಹೊಟ್ಟೆ ತಾಳುತ್ತಿರಲಿಲ್ಲ. ಎದುರು ಸಾಲಲ್ಲೇ ಕೂತು, ಕೊನೆಯ ದೃಶ್ಯ ಬಂದ ಕೂಡಲೇ ಸೆರಗಿನಿಂದ ಮುಖ ಮುಚ್ಚಿಕೊಂಡು ಕಿವಿ ಮಾತ್ರ ಬಿಟ್ಟಿರುತ್ತಿದ್ದಳು. ಮರುದಿನ ಅಂಗಡಿಗೆ ಬಂದು ನನ್ನ ಕೈಗೆ ಪಂಚಕಜ್ಜಾಯ ಹಾಕಿದಳು. "ಕೋವಿ ಸದ್ದು ಮಾಡಬಾರ್ದು ಅಂತ ಅಮ್ಮನವರಿಗೆ ಕಾಯಿ ಹರಕೆ ಹೇಳ್ಕಂಡಿದ್ದೆ ತಮಾ. ನಡೀತು" ಎಂದಳು.

"ಆದ್ರೂ ನಿಮ್ಮ ಮಗ ಸತ್ತನಲ್ಲ ಅಮ್ಮಾ?" ಎಂದೆ, ಸ್ವಲ್ಪ ಸಿಟ್ಟಿನಿಂದಲೇ.

"ಸದ್ದೇ ಆಗ್ಲಿಲ್ಲ, ಸಾಯೂದು ಹ್ಯಾಂಗೆ? ಕಾಲು ಜಾರಿ ಬಿದ್ದದ್ದು ಅದು" ಎಂದು ಬುಟ್ಟಿ ಎತ್ತಿಕೊಂಡು ನಡೆದಳು.

ಗೋಡೆಗೆ ಹೊಡೆದದ್ದು

ಚೊಲೋ ಕೋವಿ ಎಂದರೆ ಎಲ್ಲಿ? ಮೊದಲು ಮೊಬೈಲಿನಲ್ಲಿ ಹುಡುಕಿದೆ. ಉತ್ತರದ ಯಾವುದೋ ಊರಿನವರು ಮಾಡಿದ್ದು, ಚಿತ್ರ ನೋಡಿದರೆ ಎದೆ ಝಲ್ಲೆನ್ನಬೇಕು, ಅಂಥ ರಿವಾಲ್ವರು. ಹಿಡಿಯಲ್ಲಿ ಕೆತ್ತನೆ ಬೇರೆ. ರಾತ್ರಿ ನಿದ್ದೆಯಲ್ಲೂ ಅದೇ. ತರಿಸಿದೆ. ಪೆಟ್ಟಿಗೆ ಬಂದ ದಿನ ಅಂಗಡಿ ಬಾಗಿಲು ಅರ್ಧ ಎಳೆದು, ದೀಪ ಹಾಕಿ, ದೇವರ ಮನೆಯಲ್ಲಿ ಕೂತ ಹಾಗೆ ಕೂತು ಬಿಚ್ಚಿದೆ.

ರಿವಾಲ್ವರು ಹೌದು. ಆದರೆ ಒಂದು ಮಣೆಗೆ ಮೊಳೆ ಹೊಡೆದು ಕೂರಿಸಿದ್ದರು. ಮಣೆಯ ಕೆಳಗೆ ಸಾಲಾಗಿ ಹಿತ್ತಾಳೆ ಕೊಕ್ಕೆಗಳು. ಗೋಡೆಗೆ ಹಾಕಿ ಬೀಗದ ಕೈ ತೂಗಿಹಾಕುವ ಶೋಕಿ ಸಾಮಾನು ಅದು. ಕೀಳಲು ಹೋದರೆ ಒಳಗೆ ಪೊಳ್ಳು, ಹಿಂದಿನ ಅರ್ಧ ಭಾಗವೇ ಇಲ್ಲ. ನೋಡುವವರಿಗೆ ಕಾಣುವಷ್ಟನ್ನೇ ಮಾಡಿದ್ದರು.

ಅದನ್ನೂ ಬಿಡಲು ಮನಸ್ಸಿಲ್ಲದೆ ಮಾಸ್ತರ್ರ ಮನೆಗೆ ಒಯ್ದೆ. ಅವರು ಮಣೆ ತಿರುಗಿಸಿ ಮುರುಗಿಸಿ ನೋಡಿ, "ದೊರೆ ಇದನ್ನ ಹಿಡ್ಕಂಡ್ರೆ ವೀರನನ್ನ ಕೊಲ್ಲುಕೆ ಬಂದವನ ಹಾಗೆ ಕಾಣೂದಿಲ್ಲ, ಗೃಹಪ್ರವೇಶಕ್ಕೆ ಉಡುಗೊರೆ ತಂದವನ ಹಾಗೆ ಕಾಣ್ತ" ಎಂದರು. ಹೆಂಡತಿಗೆ ಮಾತ್ರ ಬಹಳ ಇಷ್ಟವಾಯಿತು. ಈಗ ನಮ್ಮ ಅಡುಗೆಮನೆಯಲ್ಲಿ ಸೌಟು, ಜಾಲರಿ, ಹುರಿಯುವ ಚಮಚ ಎಲ್ಲ ಒಂದು ರಿವಾಲ್ವರಿನ ಕಾವಲಿನಲ್ಲಿವೆ. ಊಟ ಚೆನ್ನಾಗಿಲ್ಲ ಎಂದು ಹೇಳುವ ಧೈರ್ಯ ನನಗೆ ಅಂದಿನಿಂದ ಬಂದಿಲ್ಲ.

ಭಟ್ಕಳದ ಹೊಗೆ

ಆಮೇಲೆ ಗೊತ್ತಾದದ್ದು, ಇಂಥ ನಕಲು ಮಾಡುವವರು ನಮ್ಮ ಆಚೆ ಈಚೆಯೇ ಇದ್ದಾರೆ ಎಂದು. ದಕ್ಷಿಣಕ್ಕೆ ಭಟ್ಕಳದಲ್ಲಿ ಒಬ್ಬರು, ಉತ್ತರಕ್ಕೆ ಕುಮಟೆಯಲ್ಲಿ ಒಬ್ಬರು. ನಾನು ನಡುವೆ ಹೊನ್ನಾವರದಲ್ಲಿ.

ಭಟ್ಕಳದವರು ವಯಸ್ಸಾದ ಸಾಹೇಬರು. ಹಳೆ ಬೀದಿಯ ಹೆಂಚಿನ ಮನೆ, ಮರದ ಜಾಲರಿ ಕಿಟಕಿ, ಕಿಟಕಿಯಿಂದ ಬೀಳುವ ಬೆಳಕಿನಲ್ಲಿ ಅವರು. ಗಲ್ಫಿನಿಂದ ಬಂದವರ ಮನೆಯ ಶೋಕೇಸಿಗೆ ಮರದ ಹಡಗು ಮಾಡಿಕೊಡುವುದು ಅವರ ಕಸುಬು. ಹಡಗಿನ ಜೊತೆಗೆ ಹಳೆ ಕಾಲದ ಕೋವಿ, ರಿವಾಲ್ವರು. ನಾನು ಹೋದ ಕೂಡಲೇ ವಿಷಯ ತೆಗೆದೆ. ಅವರು ಕೈ ಅಡ್ಡ ಮಾಡಿದರು.

"ಅರೆ ಭಾಯಿ, ಗಡಿಬಿಡಿ ಎಂತಕ್ಕೆ? ಮೊದಲು ಚಾ ಕುಡೀರಿ. ರಿವಾಲ್ವರ್ ಎಲ್ಲಿಗೂ ಓಡಿಹೋಗೂದಿಲ್ಲ."

ಚಹ ಬಂತು, ಹಲ್ವಾ ಬಂತು. ಆಮೇಲೆ ಮಖಮಲ್ಲಿನ ಬಟ್ಟೆ ಬಿಚ್ಚಿ ಇಟ್ಟರು ನೋಡಿ! ಬೀಟೆ ಮರದ ಹಿಡಿ, ಕಪ್ಪು ಮೆರುಗು ಕೊಟ್ಟ ನಳಿಗೆ. ಮರ ಎಂದು ಹೇಳಿದರೆ ನಂಬಿಕೆ ಬಾರದು. ಉರುಳೆ ತಿರುಗಿಸಿದರೆ ಒಳ್ಳೆ ಜಾತಿಯ ವಾಚಿಗೆ ಕೀಲಿ ಕೊಟ್ಟ ಹಾಗೆ ಮೆತ್ತಗೆ ಸರಿಯುತ್ತದೆ. ನಾನು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತೆ. ಸಾಹೇಬರು ಹಡಗಿಗೆ ಹಗ್ಗ ಕಟ್ಟುತ್ತ ಕೂತರು. ಅಷ್ಟು ಸುಖದಲ್ಲಿ ನಾನು ನನ್ನ ಮದುವೆಯ ದಿನವೂ ಕೂತಿರಲಿಲ್ಲ.

"ಒತ್ತಿ ನೋಡಿ" ಎಂದರು ಕೊನೆಗೆ.

ಒತ್ತಿದೆ. ಬುಸ್ ಎಂದು ನಳಿಗೆಯ ತುದಿಯಿಂದ ಬಿಳಿ ಹೊಗೆ ಬಂತು. ಹಿಡಿಯೊಳಗೆ ರಬ್ಬರಿನ ಬುರುಡೆ ಇಟ್ಟು, ಅದರಲ್ಲಿ ಮೈಗೆ ಹಾಕುವ ಪೌಡರ್ ತುಂಬಿದ್ದರು. ಹೊಗೆ ಬೆಳಕಿನ ಕೋಲಿನಲ್ಲಿ ನಿಂತು, ನಿಧಾನಕ್ಕೆ ಸುತ್ತಿ, ಹಡಗಿನ ಹಾಯಿಯ ಮೇಲೆ ಇಳಿಯಿತು. ಶರಾವತಿಯ ಮೇಲೆ ನಾನು ಕಂಡ ಹೊಗೆ ಅದೇ.

"ಸಾಹೇಬ್ರೆ, ಸದ್ದು?" ಎಂದೆ, ಉಸಿರು ಬಂದಮೇಲೆ.

"ಸದ್ದು ಯಾಕೆ? ಸಾಯುವವನಿಗೆ ಗುಂಡಿನ ಸದ್ದು ಕೇಳೂದಿಲ್ಲ."

"ನೋಡುವವರಿಗೆ ಕೇಳಬೇಕಲ್ಲ?"

"ಸದ್ದು ಬೇಕಾದ್ರೆ ಕುಮಟೆಗೆ ಹೋಗಿ. ಅವನು ಮಾಡೂದು ರಿವಾಲ್ವರ್ ಅಲ್ಲ, ಪಂಪ್‌ಸೆಟ್ಟು" ಎಂದು ಮುಖ ಸಿಂಡರಿಸಿದರು. ಆದರೂ, ನಾಟಕ ಮುಗಿದಮೇಲೆ ತಿರುಗಿ ಕೊಡುವ ಮಾತಿನ ಮೇಲೆ, ಅದನ್ನು ಮಖಮಲ್ಲಿನಲ್ಲೇ ಸುತ್ತಿ ಕೊಟ್ಟರು.

ಮನೆಗೆ ಬಂದರೆ ಹೆಂಡತಿ ಹತ್ತಿರ ಬಂದು ಅಂಗಿ ಮೂಸಿದಳು. ಗುಲಾಬಿ ಪೌಡರಿನ ವಾಸನೆ ಘಮ್ಮೆನ್ನುತ್ತಿತ್ತು. "ಎಂತ ಇದು?" ಎಂದಳು. "ಗುಂಡು ಹೊಡ್ದದ್ದು" ಎಂದೆ. ನನ್ನ ಸಂಸಾರದಲ್ಲಿ ನಾನು ಹೇಳಿದ ಅತಿ ದೊಡ್ಡ ಸತ್ಯ ಅದು, ನಂಬಿಸಲು ಒಂದು ವಾರ ಹಿಡಿಯಿತು.

ಕುಮಟೆಯ ಸದ್ದು

ಹೊಗೆಯಾಯಿತು, ಆದರೆ ಮಾಸ್ತರ್ರು ಕೇಳಿದ್ದು ಸದ್ದು. ಕುಮಟೆಗೆ ಹೋದೆ.

ಕುಮಟೆಯವರು ಲೇತ್ ಅಂಗಡಿಯವರು, ದೋಣಿ ಇಂಜಿನ್ ರಿಪೇರಿ ಮಾಡುವವರು. ಜಗತ್ತಿನ ಯಾವ ವಸ್ತುವನ್ನೂ ಕಬ್ಬಿಣದಲ್ಲಿ ಮಾಡಬಹುದು ಮತ್ತು ಮಾಡಬೇಕು ಎಂದು ನಂಬಿದವರು. ನನ್ನ ಕೈಗೆ ರಿವಾಲ್ವರ್ ಕೊಟ್ಟರು. ಕೈ ಕೆಳಕ್ಕೆ ಹೋಯಿತು, ಹಿಂದೆಯೇ ನಾನೂ ಹೋದೆ. ನಳಿಗೆ ಮುಚ್ಚಿಯೇ ಇತ್ತು. ಸದ್ದು ಬರುವುದು ಹಿಂದಿನಿಂದ, ದೀಪಾವಳಿಯ ಅದೇ ಕೇಪಿನಿಂದ. ಆದರೆ ಇವರ ಕೊಕ್ಕೆ ಸುತ್ತಿಗೆಯಂಥದ್ದು, ಕೇಪು ಇಡುವ ಗುಳಿಯೂ ಹಾಗೇ ಆಳ.

"ಭಟ್ಕಳದ್ದು ನೋಡಿದ್ರನಾ?" ಎಂದು ಕೂಗಿದರು. ಅವರು ಮಾತಾಡುವುದೇ ಹಾಗೆ. "ಅದು ಕೋವಿ ಅಲ್ಲ, ಪೌಡರ್ ಡಬ್ಬಿ! ಇದು ನೋಡಿ!"

ಮೇಲಕ್ಕೆ ಎತ್ತಿ ಎಳೆದರು. ಅಯ್ಯಯ್ಯೋ! ಮಾಡಿನ ತಗಡು ಗಡಗಡ ಎಂದಿತು. ಮಾವಿನ ಮರದ ಕಾಗೆಗಳು ಒಂದೂ ಬಿಡದೆ ಎದ್ದು ಹೋದವು. ಪಕ್ಕದ ಹೋಟೆಲಿನಲ್ಲಿ ಗ್ಲಾಸು ಬಿದ್ದು ಒಡೆದದ್ದು ಕಂಡಿತು, ಕೇಳಲಿಲ್ಲ. ಇವರು ಮಾತ್ರ ರಿವಾಲ್ವರನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ನನ್ನ ಮುಖ ನೋಡಿ ಕೇಳಿದರು, "ಬಂತನಾ?"

ಇಂಜಿನ್ನುಗಳ ನಡುವೆ ಜನ್ಮ ಕಳೆದು ಅವರ ಕಿವಿ ಯಾವತ್ತೋ ಹೋಗಿತ್ತು. ಬಂತು ಎಂದು ಕೈ ಸನ್ನೆ ಮಾಡಿದೆ. ಅವರಿಗೆ ಸಮಾಧಾನವಾಗಲಿಲ್ಲ. "ಸ್ವಲ್ಪ ಕಮ್ಮಿ ಅನಸ್ತದೆ. ಇನ್ನೂ ನಾಕು ಕೇಪು ಹಾಕುವ" ಎಂದು ಹಾಕಿಯೇಬಿಟ್ಟರು.

ಎರಡನೆಯ ಸದ್ದಾದ ಮೇಲೆ ನಾನು, "ಯೋಚನೆ ಮಾಡಿ ಹೇಳ್ತೆ" ಎಂದೆ. ನನಗೆ ನನ್ನ ದನಿ ಕೇಳಲಿಲ್ಲ, ಅವರಿಗೂ ಕೇಳಲಿಲ್ಲ. ಅವರು ಏನೋ ಹೇಳಿದರು, ಅದೂ ಕೇಳಲಿಲ್ಲ. ಇಬ್ಬರೂ ನಕ್ಕು ಕೈ ಮುಗಿದೆವು, ರಿವಾಲ್ವರು ನನ್ನ ಚೀಲಕ್ಕೆ ಬಂತು. ಇಷ್ಟು ಸಲೀಸಾದ ವ್ಯವಹಾರ ನಾನು ಬೇರೆ ಯಾರ ಜೊತೆಗೂ ಮಾಡಿಲ್ಲ.

ಬಂಗಡೆಯ ಅಡಿಗೆ

ಅದೇ ಚೀಲ ಹಿಡಿದು ಹೊನ್ನಾವರದ ಟೆಂಪೋ ಹತ್ತಿದೆ. ಪಕ್ಕದ ಸೀಟಿನಲ್ಲಿ ಯಾರು? ನಮ್ಮ ವೀರನ ತಾಯಿ, ಕಾಲ ಬುಡದಲ್ಲಿ ಬಂಗಡೆ ಬುಟ್ಟಿ. ನಾನು ಕಿಟಕಿಯಿಂದ ಗದ್ದೆ, ತೋಡು, ತೆಂಗು ನೋಡುತ್ತ ಯೋಚನೆಗೆ ಬಿದ್ದೆ. ಒಬ್ಬರ ಕೋವಿಯಲ್ಲಿ ಸದ್ದಿಲ್ಲದ ಹೊಗೆ, ಇನ್ನೊಬ್ಬರದರಲ್ಲಿ ಹೊಗೆಯಿಲ್ಲದ ಸದ್ದು. ಯಾವುದನ್ನು ಹಿಡಿಯಲಿ, ಯಾವುದನ್ನು ಬಿಡಲಿ? ಹೊಗೆ ಬಿಟ್ಟರೆ ಕನಸು ಹೋಗುತ್ತದೆ, ಸದ್ದು ಬಿಟ್ಟರೆ ಪರದೆ ಸಂದಿಯ ಜಾಗ ಹೋಗುತ್ತದೆ.

ಟೆಂಪೋ ನಿಂತಿತು. ಹೈವೇ ಮೇಲೆ ಪೊಲೀಸರು ಗಾಡಿ ತಪಾಸಣೆ ಮಾಡುತ್ತಿದ್ದರು. ಅವಳು ನನ್ನ ತಿವಿದಳು. ನೋಡಿದರೆ ಚೀಲದ ತೂತಿನಿಂದ ನಳಿಗೆ ಹೊರಗೆ ಬಂದು, ಸೀದಾ ಡ್ರೈವರನ ಬೆನ್ನಿಗೆ ಗುರಿಯಿಟ್ಟು ಕೂತಿದೆ. ನಕಲು ಎಂದು ಹೇಳಬಹುದು, ಆದರೆ ಹೇಳಲು ನಾಲಿಗೆ ಬೇಕಲ್ಲ? ಅದು ಒಣಗಿತ್ತು.

"ಇಲ್ಲಿ ಕೊಡಾ" ಎಂದು ಕಸಿದುಕೊಂಡು ರಿವಾಲ್ವರನ್ನು ಬಂಗಡೆಯ ಅಡಿಗೆ, ಮಂಜುಗಡ್ಡೆಯ ನಡುವೆ ನುಗ್ಗಿಸಿಬಿಟ್ಟಳು.

ಪೊಲೀಸಿನವರು ಒಳಗೆ ಬಗ್ಗಿದರು. ಚೀಲ ನೋಡಿದರು, ಬಿಟ್ಟರು. ಬುಟ್ಟಿ ನೋಡಿದರು, ನಿಂತರು. "ಬಂಗಡೆ ಚೊಲೋ ಇದ್ದ ಹಾಗೆ ಕಾಣ್ತದೆ."

"ಬೇಕಾ ಸಾಯ್ಬ್ರೆ?"

"ಮೇಲಿದ್ದದ್ದು ಸಣ್ಣದು. ನಿಮ್ಮ ಉಪಾಯ ನಂಗೆ ಗೊತ್ತಿಲ್ವನಾ? ದೊಡ್ಡದು ಅಡಿಗೆ ಇಟ್ಟಿರ್ತ್ರಿ, ತೆಗಿ" ಎಂದು ಅಂಗಿ ತೋಳು ಮೇಲೆ ಮಾಡಿದರು. ನಾನು ಕುಲದೇವರನ್ನು ನೆನೆದೆ.

ಅವಳು ಕಣ್ಣು ಮಿಟುಕಿಸಲಿಲ್ಲ. "ತೆಗೀತೆ. ಆದ್ರೆ ಅದು ನಿಮ್ಮ ದೊಡ್ಡ ಸಾಯ್ಬ್ರ ಮನೆಗೆ ಹೇಳಿ ಇಟ್ಟದ್ದು. ಕೇಳಿದ್ರೆ ನಿಮ್ಮ ಹೆಸರು ಹೇಳ್ಲನಾ?"

ತೋಳು ಕೆಳಗೆ ಇಳಿಯಿತು. "ಹೋಗ್ಲಿ, ಗಾಡಿ ಬಿಡು" ಎಂದರು.

ನಾನು ಕಣ್ಣು ಮುಚ್ಚಿ ದೇವರಿಗೆ ವಂದನೆ ಹೇಳುತ್ತಿದ್ದ ಹೊತ್ತಿಗೆ ಅವಳು ನಡುವೆಯೇ ಎಲ್ಲೋ ಇಳಿದುಹೋಗಿದ್ದಳು, ಬುಟ್ಟಿ ಸಮೇತ. ಅವಳ ಮನೆಗೆ ಹೋದರೆ ಅವಳಿಲ್ಲ, ಪೇಟೆಯಲ್ಲಿ ಕೇಳಿದರೆ, "ನಾಳೆ ಕೊಡ್ತೆ ತಮಾ, ಭದ್ರ ಇದೆ" ಎಂಬ ಉತ್ತರ. ದಿನ ಕಳೆಯಿತು, ನಾಟಕ ಹತ್ತಿರ ಬಂತು. ಕೊನೆಗೆ ಮಗನೇ ಹುಡುಕಿ ತಂದುಕೊಟ್ಟ, ತಲೆ ತಗ್ಗಿಸಿಕೊಂಡು, ಒಂದು ಮಣ್ಣಿನ ಬಾನಿ ಸಮೇತ. ಒಳಗೆ ಒಣಮೀನಿನ ನಡುವೆ, ಉಪ್ಪಿನಲ್ಲಿ ಮುಳುಗಿ, ಕೆಂಪು ತುಕ್ಕು ಹಿಡಿದು ಮಲಗಿತ್ತು ಕುಮಟೆಯ ರಿವಾಲ್ವರು.

ನಾನು ಮೀನು ಪೇಟೆಗೆ ಓಡಿದೆ. "ಎಂತ ಮಾಡಿದ್ರಿ ಅಮ್ಮಾ ಇದು?"

"ಎಂತ ಮಾಡೂದು? ಕೆಡಬಾರ್ದು ಅಂತ ಉಪ್ಪು ಹಾಕಿ ಇಟ್ಟೆ" ಎಂದಳು, ಇದಕ್ಕಿಂತ ಹೆಚ್ಚು ಯಾರು ಏನು ಮಾಡಲು ಸಾಧ್ಯ ಎಂಬಂತೆ.

ದೊರೆಯ ಭಕ್ತಿ

ಸೀಮೆಎಣ್ಣೆ, ವಾಚಿನ ಎಣ್ಣೆ, ಕುಂಚ ಹಿಡಿದು ಕೂತೆ. ಎಷ್ಟೋ ಕಾಲದ ನಂತರ ಭೂತಗನ್ನಡಿಯೊಳಗೆ ನಿಜವಾದ ಕೆಲಸ ನಡೆಯಿತು. ತುಕ್ಕು ಹೋಯಿತು, ವಾಸನೆ ಹೋಗಲಿಲ್ಲ. ಪೇಟೆಯ ಬೆಕ್ಕುಗಳೆಲ್ಲ ನನ್ನ ಅಂಗಡಿ ಮೆಟ್ಟಿಲ ಮೇಲೆ ಗಿರಾಕಿಗಳ ಹಾಗೆ ಸಾಲಾಗಿ ಕೂರತೊಡಗಿದವು. ಆ ಬೆಕ್ಕುಗಳನ್ನು ನೋಡುತ್ತ ಕೂತಾಗಲೇ ನನಗೆ ಹೊಳೆದದ್ದು, ಒಂದನ್ನೇ ಯಾಕೆ ಆರಿಸಬೇಕು? ಭಟ್ಕಳದ್ದು ದೊರೆಯ ಕೈಯಲ್ಲಿರಲಿ, ಹೊಗೆ ಬಿಡಲಿ. ಕುಮಟೆಯದ್ದು ಪರದೆ ಸಂದಿಯಲ್ಲಿ ನನ್ನ ಕೈಯಲ್ಲಿರಲಿ, ಸದ್ದು ಮಾಡಲಿ.

ಮಾಸ್ತರ್ರು ಒಪ್ಪಿದರು, ಷರತ್ತಿನ ಮೇಲೆ. ಅವರ ಅಳಿಯ ಎದುರು ಪಕ್ಕದಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡೇ ಕೂರುತ್ತಾನೆ. ದೊರೆ ರಿವಾಲ್ವರ್ ಎತ್ತಿದ ಕೂಡಲೇ ನಾನು ಹೊಡೆಯಬೇಕು. ಹೊಡೆಯದಿದ್ದರೆ ಅಳಿಯ ಒತ್ತುತ್ತಾನೆ, ನಾನು ಖಾಯಂ ಪ್ರೇಕ್ಷಕ.

ತಾಲೀಮಿನಲ್ಲಿ ಹೊಸ ತಾಪತ್ರಯ. ಮೆಡಿಕಲ್ ಶಾಪಿನವರು ಹರೆಯದಲ್ಲಿ ಯಕ್ಷಗಾನ ಮೇಳದಲ್ಲಿ ಕುಣಿದವರು. ತಗಡಿನ ರಿವಾಲ್ವರನ್ನು ಅವರು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಸಾಹೇಬರ ರಿವಾಲ್ವರು ಕೈಗೆ ಬಂದ ಕೂಡಲೇ ಹಳೆ ಸಂಸ್ಕಾರ ಎದ್ದು ಬಂತು. ಎರಡೂ ಕೈಯಲ್ಲಿ ಹಿಡಿದು, ಎಡಗಣ್ಣಿಗೆ ಒತ್ತಿ, ಬಲಗಣ್ಣಿಗೆ ಒತ್ತಿ, ಹಣೆಗೆ ಮುಟ್ಟಿಸಿಕೊಂಡೇ ಗುರಿ ಇಟ್ಟರು.

ಮಾಸ್ತರ್ರು ಬೆತ್ತ ಕುಟ್ಟಿದರು. "ಇಂಗ್ಲಿಷ್ ದೊರೆ ಯಾವತ್ತಾದ್ರೂ ಕೋವಿ ಕಣ್ಣಿಗೊತ್ತಿಕೊಳ್ತನಾ ಮಾರಾಯಾ?"

"ಆಯುಧ ಅಲ್ದಾ ಮಾಸ್ತರ್ರೆ? ನಮಸ್ಕಾರ ಮಾಡದೆ ಎತ್ತಿದ್ರೆ ಕೈ ನಡುಗ್ತದೆ."

"ಹಂಗಾರೆ ಒಳಗೇ ಮಾಡ್ಕಂಡು ಬಾ."

"ಆತು, ಒಳಗೇ ಮಾಡ್ತೆ" ಎಂದು ಒಪ್ಪಿಕೊಂಡು, ಮರುದಿನ ಒಳಗೂ ಮಾಡಿದರು, ಹೊರಗೂ ಮಾಡಿದರು.

ದೊರೆ ಸತ್ತ ವರ್ಷ

ಆ ಭಾನುವಾರ ಬಂತು. ಸಂಜೆಯ ಕಡಲ ಗಾಳಿ ಪರದೆಯನ್ನು ಮೆಲ್ಲಗೆ ಉಬ್ಬಿಸಿ ಇಳಿಸುತ್ತಿತ್ತು. ಎದುರು ಸಾಲಿನಲ್ಲಿ ಭಟ್ಕಳದ ಸಾಹೇಬರು, ಕುಮಟೆಯ ಲೇತಿನ ಯಜಮಾನರು, ಇಬ್ಬರೂ ತಮ್ಮ ತಮ್ಮ ಕೋವಿ ನೋಡಲು ಬಂದಿದ್ದರು. ಇಬ್ಬರ ನಡುವೆ ವೀರನ ತಾಯಿ, ಮಡಿಲಲ್ಲಿ ಒಂದು ತೆಂಗಿನಕಾಯಿ ಇಟ್ಟುಕೊಂಡು. ಈ ವರ್ಷವೂ ಹರಕೆ ಹೊತ್ತಿದ್ದಾಳೆ ಎಂದಾಯಿತು. ಅವಳ ಕಡೆ ದೇವರು ಇದ್ದರೆ, ನನ್ನ ಕಡೆ ಇದ್ದದ್ದು ಬೆಚ್ಚಗಿನ ಡಬ್ಬಿಯಲ್ಲಿ ಅಕ್ಕಿಯ ನಡುವೆ ಇಟ್ಟು ಒಣಗಿಸಿದ ಕೇಪು ಮಾತ್ರ.

ಕೊನೆಯ ದೃಶ್ಯ. ಪರದೆ ಸಂದಿಯಿಂದ ನೋಡುತ್ತಿದ್ದೇನೆ, ಎರಡೂ ಕೈಯಲ್ಲಿ ಕುಮಟೆಯ ಕಬ್ಬಿಣ. ವೀರ ಎದೆ ಬಿಚ್ಚಿದ. "ಹೊಡಿ ದೊರೆ!" ಎದುರು ಸಾಲಿನಲ್ಲಿ ಸೆರಗು ಮುಖದ ಮೇಲೆ ಹೋಯಿತು. ದೊರೆ ಸೊಂಟದಿಂದ ಸಾಹೇಬರ ರಿವಾಲ್ವರು ತೆಗೆದರು. ದೀಪದ ಬೆಳಕು ಬೀಟೆಯ ಹಿಡಿಯ ಮೇಲೆ ಬಿತ್ತು. ಎಷ್ಟು ಚೆಂದ ಇತ್ತು ಮಾರಾಯ್ರೆ! ನಾನು ಎಲ್ಲಿದ್ದೇನೆ ಎಂಬುದೇ ಮರೆಯಿತು. ಶಾಲೆಯ ಅಂಗಳ ಹೋಗಿ ಹೊಳೆ ಬಂತು, ಹೊಳೆಯ ಮೇಲೆ ಮಂಜು ಬಂತು. ಆ ಮಂಜಿನೊಳಗೆ ರಿವಾಲ್ವರು ನಿಧಾನವಾಗಿ ಮೇಲೆ ಏಳುತ್ತಿರುವುದು ಕಂಡಿತು. ಎತ್ತಿದರು, ಎತ್ತಿದರು ಎಂದು ಬೆಚ್ಚಿ ಎಚ್ಚೆತ್ತು, ಹೊಡೆದೇಬಿಟ್ಟೆ.

ದೊರೆ ಎತ್ತಿದ್ದು ಹೊಡೆಯಲು ಅಲ್ಲ, ಕಣ್ಣಿಗೊತ್ತಿಕೊಳ್ಳಲು.

ಶಾಲೆಯ ಹೆಂಚು ಅದುರಿತು. ಅದೇ ಕ್ಷಣಕ್ಕೆ ದೊರೆ ಬೆಚ್ಚಿ ಕೈಯಲ್ಲಿದ್ದುದನ್ನು ಒತ್ತಿದರು. ನಳಿಗೆ ಅವರ ಹಣೆಯ ಮೇಲೇ ಇತ್ತು. ಬುಸ್ ಎಂದು ಹೊಗೆ ಎದ್ದಿತು. ಬಿಳಿ ಹೊಗೆ, ಗುಲಾಬಿಯ ಹೊಗೆ, ದೀಪದ ಬೆಳಕಿನಲ್ಲಿ ತೇಲಿ ತೇಲಿ ಇಡೀ ರಂಗವನ್ನು ತುಂಬಿತು. ಯಾರು ಸತ್ತರು, ಯಾರು ಉಳಿದರು, ಯಾರಿಗೂ ಕಾಣದು. ನಾನು ಕಂಡ ಕನಸು ಅದೇ, ಒಂದು ಕೂದಲೂ ಆಚೀಚೆ ಇಲ್ಲ. ನನ್ನ ಕಣ್ಣಲ್ಲಿ ನೀರು ಬಂತು.

ಹೊಗೆ ತೆಳುವಾಯಿತು. ಅಂಗಾತ ಬಿದ್ದವರು ದೊರೆ. ಕೋವಿ ಹಣೆಯ ಮೇಲಿದ್ದಾಗ ಸದ್ದು ಬಂದರೆ ಬೀಳಬೇಕು ಎಂಬುದು ಮೇಳದಲ್ಲಿ ಕುಣಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಷ್ಟು ವರ್ಷ ಎಷ್ಟು ಬಣ್ಣ ಬಳಿದರೂ ಬಾರದ ಬಿಳುಪು ಅವತ್ತು ಅವರ ಮುಖಕ್ಕೆ ಬಂದಿತ್ತು. ಆಚೆ ಪಕ್ಕದಲ್ಲಿ ಲ್ಯಾಪ್‌ಟಾಪಿನ ಅಳಿಯ ಸದ್ದಿಗೆ ಬೆಚ್ಚಿ ಕುರ್ಚಿ ಸಮೇತ ಹಿಂದಕ್ಕೆ ಬಿದ್ದಿದ್ದ. ವೀರ ಮಾತ್ರ ಎದೆ ಬಿಚ್ಚಿಕೊಂಡು ನಿಂತೇ ಇದ್ದ, ನನ್ನ ಕಡೆ ನೋಡಿ, 'ನಾನೀಗ ಎಂತ ಮಾಡೂದು?' ಎಂದು ಕಣ್ಣಿನಲ್ಲೇ ಕೇಳುತ್ತ.

ಎದುರು ಸಾಲಿನಲ್ಲಿ ಸೆರಗು ಕೆಳಗಿಳಿಯಿತು. ಅವಳು ರಂಗ ನೋಡಿದಳು, ಮಗನನ್ನು ನೋಡಿದಳು, ಎದ್ದು ನಿಂತಳು. "ಮಗಾ! ಅಂವ ಏಳೂದ್ರೊಳಗೆ ಮನೆಗೆ ಬಾರಾ!"

ಆಮೇಲೆ ಬಿದ್ದಂಥ ಚಪ್ಪಾಳೆ ನಮ್ಮ ಮಂಡಳಿ ಹುಟ್ಟಿದಾಗಿನಿಂದ ಬಿದ್ದಿರಲಿಲ್ಲ. ವೀರ ಕೈಮುಗಿದು ರಂಗ ಇಳಿದು ತಾಯಿಯ ಹತ್ತಿರ ಹೋದ. ಕುಮಟೆಯವರು ಪಕ್ಕದವರ ತೋಳು ಹಿಡಿದು, "ಬಂತನಾ?" ಎಂದು ಕೇಳುತ್ತಿದ್ದರು. ಭಟ್ಕಳದ ಸಾಹೇಬರು ಅವರ ಭುಜದ ಮೇಲೆ ಕೈ ಇಟ್ಟು, ಕಿವಿಗೆ ಬಾಯಿ ಹಚ್ಚಿ, "ಬಂತು ಭಾಯಿ, ಬಂತು" ಎಂದರು.

ಮಾಸ್ತರ್ರು ಬೆತ್ತ ಕುಟ್ಟುತ್ತ ನನ್ನ ಹತ್ತಿರ ಬಂದರು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅವರು ಕುಮಟೆಯ ರಿವಾಲ್ವರನ್ನು ನೋಡಿದರು, ಮೂಗು ಮುಚ್ಚಿಕೊಂಡರು, ತಲೆ ಕೊಡವಿದರು. "ನಾಟಕ ಹಾಳು ಮಾಡಿದ್ಯಲ್ಲೋ! ಆದ್ರೆ ಸದ್ದು ಚೊಲೋ ಬಂತು. ಮಾತು ಮಾತೇ. ಜಾಗ ನಿಂದೇ, ಹೋಗು" ಎಂದರು.

ಮರುದಿನ ವೀರನ ತಾಯಿ ಅಂಗಡಿಗೆ ಬಂದು, ಬೆಕ್ಕುಗಳನ್ನು ದಾಟಿಕೊಂಡು, ಒಡೆದ ತೆಂಗಿನಕಾಯಿಯ ಒಂದು ಕಡಿಯನ್ನು ನನ್ನ ಮುಂದೆ ಇಟ್ಟಳು. "ಕೋವಿ ಸದ್ದು ಮಾಡಬಾರ್ದು ಅಂತ ಹೇಳ್ಕಂಡದ್ದು. ಮಾಡ್ತು. ಹಂಗಾಗಿ ಅಮ್ಮನವರಿಗೆ ಪೂರ್ತಿ ಕೊಡುಕಾಗೂದಿಲ್ಲ. ಆದ್ರೆ ನನ್ನ ಮಗ ಉಳಿದ, ಅದು ನಿನ್ನ ಕೈಯಿಂದ ಆದದ್ದು. ಒಂದು ಕಡಿ ದೇವ್ರಿಗೆ, ಒಂದು ಕಡಿ ನಿಂಗೆ." ಹೊರಟವಳು ತಿರುಗಿ ನಿಂತಳು. "ಬಪ್ಪ ವರ್ಷನೂ ಹೀಂಗೇ ಮಾಡು ತಮಾ" ಎಂದಳು. ಆಗಲಿ ಎಂದು ತಲೆ ಆಡಿಸಿದೆ.

ಅವಳು ಹೋದಮೇಲೆ ಆ ಕಡಿಯನ್ನು ಕೈಯಲ್ಲಿ ಹಿಡಿದು ಸುಖವಾಗಿ ದಾರಿ ನೋಡುತ್ತ ಕೂತೆ. ಎದುರಿನ ಮೆಡಿಕಲ್ ಶಾಪಿನಿಂದ ದೊರೆಯ ಹೆಂಡತಿ ಹೊರಗೆ ಬಂದರು. ನನ್ನ ಕಡೆ ಒಂದು ನೋಟ ಬಿಸಾಡಿ, ಕೈಯಲ್ಲಿ ಇಡೀ ತೆಂಗಿನಕಾಯಿ ಹಿಡಿದುಕೊಂಡು ಅಮ್ಮನವರ ಗುಡಿಯ ದಾರಿ ಹಿಡಿದರು.